ಪ್ರೆಸ್ ಮುಚ್ಚಿತು, ಈಗ ನಾನು ಯಾರು?

ಪ್ರಶ್ನೆ: ನನಗೆ 43 ವರ್ಷ. ಚಾಮರಾಜಪೇಟೆಯಲ್ಲಿ ನಮ್ಮ ತಂದೆ ಕಟ್ಟಿದ ಪ್ರಿಂಟಿಂಗ್ ಪ್ರೆಸ್ ಇತ್ತು. ಲಗ್ನಪತ್ರಿಕೆ ಕೆಲಸವೇ ಜಾಸ್ತಿ. 2018ರಲ್ಲಿ ಸಾಲ ಮಾಡಿ ಹೊಸ ಆಫ್‌ಸೆಟ್ ಮಷೀನ್ ಹಾಕಿದೆ. 2021ರಲ್ಲಿ ಪ್ರೆಸ್ ಮುಚ್ಚಿದೆ. ಮಷೀನ್ ಅರ್ಧ ಬೆಲೆಗೆ ಹೋಯಿತು. ಹೆಂಡತಿಗೆ ಹೇಳದೆ ಎತ್ತಿದ್ದ ಚೀಟಿ, ಅಡ ಇಟ್ಟಿದ್ದ ಅವಳ ಬಳೆ, ಎಲ್ಲ ಒಂದೇ ಸಲ ಹೊರಗೆ ಬಂತು. ಈಗ ಪೀಣ್ಯದ ಒಂದು ಗೋಡೌನ್‌ನಲ್ಲಿ ಸೂಪರ್‌ವೈಸರ್. ಸಾಲ ತೀರುತ್ತಿದೆ. ಆದರೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಎಲ್ಲರೂ "ಪ್ರೆಸ್ ಹೇಗಿದೆ?" ಅಂತ ಕೇಳುತ್ತಾರೆ. ಮಗಳು ಸೆಕೆಂಡ್ ಪಿಯುಸಿ. ಅವಳ ಮುಂದೆ ತಲೆ ಎತ್ತಲು ಆಗುತ್ತಿಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತದೆ. ಪ್ರೆಸ್‌ನ ಬೋರ್ಡ್ ಬೆಡ್‌ಶೀಟ್ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೇನೆ, ಗುಜರಿಗೆ ಹಾಕಿಬಿಡಲಾ? ತಂದೆ ಕಟ್ಟಿದ್ದನ್ನು ನಾನು ಕೆಡಿಸಿದೆ. ಹಳೆಯದನ್ನೆಲ್ಲ ಮರೆತು ಹೊಸ ಮನುಷ್ಯ ಆಗುವುದು ಹೇಗೆ?

— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ನಾಲ್ಕು ಪುಟ ಇತ್ತು, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ನಾಲ್ಕು ಪುಟದಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿಲ್ಲ. ಅಲ್ಪಪ್ರಾಣ, ಮಹಾಪ್ರಾಣ ಎಲ್ಲ ಅದರದರ ಜಾಗದಲ್ಲಿವೆ. ತಾರೀಖು ಬರೆದ ಕಡೆಯೆಲ್ಲ ಪಕ್ಕದಲ್ಲಿ ವಾರವನ್ನೂ ಬರೆದಿದ್ದೀರಿ. ಇಪ್ಪತ್ತೆರಡು ವರ್ಷದಿಂದ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ, ಇಂಥ ಪತ್ರ ಬಂದಿದ್ದು ಅಪರೂಪ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿದ್ದೆಯ ಮಾತು. ರಾತ್ರಿ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬರದಿರುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದರ ಜೊತೆ ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಮನಸ್ಸು ಭಾರ, ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರುವುದಿಲ್ಲ ಅಂತಿದ್ದರೆ ಅದು ಖಿನ್ನತೆ ಇರಬಹುದು. ಖಿನ್ನತೆಗೆ ಚಿಕಿತ್ಸೆ ಇದೆ. ಅದಕ್ಕೆ ನನ್ನ ಈ ಉತ್ತರ ಸಾಲದು. ಡಾಕ್ಟರ್ ಹತ್ತಿರ ಹೋಗಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲು ಮನಸ್ಸಿಲ್ಲ ಅಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಮೂರಕ್ಕೂ ತೆಗೆಯುತ್ತಾರೆ. "ಬದುಕೇ ಬೇಡ" ಎನ್ನುವ ಯೋಚನೆ ಒಂದು ಸಲ ಬಂದಿದ್ದರೂ ಈ ಪುಟ ಪಕ್ಕಕ್ಕಿಟ್ಟು ಮೊದಲು ಅಲ್ಲಿಗೆ ಫೋನ್ ಮಾಡಿ.

ಈಗ ನಿಮ್ಮ ಪ್ರಶ್ನೆ. "ಹಳೆಯದನ್ನೆಲ್ಲ ಮರೆತು ಹೊಸ ಮನುಷ್ಯ ಆಗುವುದು ಹೇಗೆ?" ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಮಂಚದ ಕೆಳಗೆ ಬೋರ್ಡ್ ಇಟ್ಟುಕೊಂಡು ಅದರ ಮೇಲೇ ಮಲಗುತ್ತಿದ್ದೀರಿ. ಮರೆಯುವ ಪ್ರಯತ್ನ ಹೇಗೆ ನಡೆಯುತ್ತಿದೆ ಅಂತ ನಿಮಗೇ ಗೊತ್ತಿದೆ, ಅಲ್ವಾ?

ಬಿದ್ದವರಿಗೆ ನಮ್ಮಲ್ಲಿ ಎರಡು ಗಾದೆ ಸಿದ್ಧವಾಗಿವೆ. ಒಂದು, "ಬಿದ್ದರೂ ಮೀಸೆ ಮಣ್ಣಾಗಲಿಲ್ಲ." ಏನೂ ಆಗಿಲ್ಲ ಎಂದು ಓಡಾಡುವವರನ್ನು ಆಡಿಕೊಳ್ಳಲು. ಇನ್ನೊಂದು, "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು." ಪಾಠ ಕಲಿತವರನ್ನೂ ಬಿಡುವುದಿಲ್ಲ, ತಡವಾಯಿತು ಎಂದು ಅಣಕ. ಎರಡೂ ನೋಡುವವರು ಕಟ್ಟಿದ ಗಾದೆ, ಬಿದ್ದವರು ಕಟ್ಟಿದ್ದಲ್ಲ. ಎರಡನೆಯದರ ಮೇಲೆ ನನಗೊಂದು ತಕರಾರಿದೆ. ಅಡುಗೆ ಆದ ಮೇಲೆ ಉರಿದ ಒಲೆಯಲ್ಲಿ ಸ್ನಾನಕ್ಕೆ ನೀರಾದರೂ ಕಾಯಿಸಬಹುದಲ್ಲ.

ಬಿದ್ದದ್ದರಿಂದ ಕಲಿಯಬೇಕಾದರೆ ಮೊದಲು ಏನಾಯಿತು ಅಂತ ಸರಿಯಾಗಿ ಗೊತ್ತಿರಬೇಕು. ನಿಮಗೆ ಅದು ಗೊತ್ತಿಲ್ಲ ಅನ್ನಿಸುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. "ನಾನು ಕೆಡಿಸಿದೆ" ಎಂಬ ಎರಡು ಪದದಲ್ಲಿ ಮೂರು ವರ್ಷದ ವ್ಯವಹಾರ ಮುಗಿಸಿದ್ದೀರಿ. ಅದು ಲೆಕ್ಕ ಅಲ್ಲ, ಬೈಗುಳ. ನಿಮ್ಮ ಪ್ರೆಸ್‌ಗೆ ಬಂದ ಪಾರ್ಟಿಗೆ "ಒಟ್ಟು ಇಷ್ಟಾಯ್ತು ಕೊಡಿ" ಅಂತ ಬಿಲ್ ಇಲ್ಲದೆ ಕೇಳುತ್ತಿದ್ದಿರಾ?

ಹಳೆಯ ಬಿಲ್ ಬುಕ್ಕುಗಳು ಇದ್ದರೆ ತೆಗೆಯಿರಿ. 2015ರಲ್ಲಿ ಒಂದು ಮದುವೆಗೆ ಎಷ್ಟು ಕಾರ್ಡ್ ಹೋಗುತ್ತಿತ್ತು? 2018ರಲ್ಲಿ ಎಷ್ಟು? ಸಾವಿರ ಮಾಡಿಸುತ್ತಿದ್ದವರು ಮುನ್ನೂರಕ್ಕೆ ಇಳಿದು, ಉಳಿದವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ನೀವು ಮಷೀನ್ ಹಾಕುವ ಮುಂಚೆಯೇ ಶುರುವಾಗಿತ್ತಾ? ಆಗಿದ್ದರೆ ಅದು ನಿಮ್ಮ ಲೆಕ್ಕದ ತಪ್ಪು. ಒಪ್ಪಿಕೊಂಡು ಬರೆದುಕೊಳ್ಳಿ. ಆದರೆ ಪಕ್ಕದಲ್ಲೇ ಇನ್ನೊಂದನ್ನೂ ಬರೆಯಿರಿ. 2020ರ ಮಾರ್ಚ್ 25, ಬುಧವಾರ, ಯುಗಾದಿ. ಅವತ್ತಿನಿಂದಲೇ ದೇಶಕ್ಕೆಲ್ಲ ಲಾಕ್‌ಡೌನ್. ಆಮೇಲೆ ಮದುವೆಗೆ ಅನುಮತಿ ಸಿಕ್ಕಾಗಲೂ 50 ಜನರಿಗಿಂತ ಜಾಸ್ತಿ ಸೇರುವ ಹಾಗಿರಲಿಲ್ಲ. ಐವತ್ತು ಜನಕ್ಕೆ ಯಾರು ಕಾರ್ಡ್ ಮಾಡಿಸುತ್ತಾರೆ? ಯುಗಾದಿಯಿಂದ ಆಷಾಢ ಹಿಡಿಯುವವರೆಗೆ ನಿಮ್ಮ ವರ್ಷದ ದುಡಿಮೆ ಅಂತ ನೀವೇ ಬರೆದಿದ್ದೀರಿ. ಆ ಸೀಸನ್ ಪೂರ್ತಿ ಹೋಯಿತು. ಮುಂದಿನ ವರ್ಷ ಸರಿಹೋಗುತ್ತದೆ ಅನ್ನುವಾಗ ಏಪ್ರಿಲ್ ಕೊನೆಯಲ್ಲಿ ಕರ್ನಾಟಕ ಮತ್ತೆ ಬಾಗಿಲು ಹಾಕಿತು. ಎರಡು ವರ್ಷದಲ್ಲಿ ಎರಡು ಸೀಸನ್. ಇದನ್ನು ನಿಮ್ಮ ತಂದೆಯೂ ತಡೆಯಲು ಆಗುತ್ತಿರಲಿಲ್ಲ.

"ಆದರೂ ನನಗೆ ಮೊದಲೇ ಗೊತ್ತಾಗಬೇಕಿತ್ತು" ಅಂತ ಈಗ ಅಂದುಕೊಳ್ಳುತ್ತಿದ್ದೀರಿ, ಗೊತ್ತು. ಇದು ಮನಸ್ಸಿನ ಒಂದು ಹಳೇ ಚಾಳಿ. ಬರೂಕ್ ಫಿಶಾಫ್ ಎಂಬ ಮನಶ್ಶಾಸ್ತ್ರಜ್ಞ 1975ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಯುದ್ಧದ ವಿವರ ಕೊಟ್ಟು ಜನರಿಗೆ ಓದಿಸಿದರು. ಕೆಲವರಿಗೆ ಬ್ರಿಟಿಷರು ಗೆದ್ದರು ಅಂದರು, ಕೆಲವರಿಗೆ ಗೂರ್ಖರು ಗೆದ್ದರು ಅಂದರು. ಫಲಿತಾಂಶ ಮರೆತು, ಏನಾಗುವ ಸಾಧ್ಯತೆ ಎಷ್ಟಿತ್ತು ಹೇಳಿ ಎಂದು ಕೇಳಿದರೆ, ಯಾರಿಗೆ ಯಾವ ಫಲಿತಾಂಶ ಹೇಳಿದ್ದರೋ ಅವರಿಗೆ ಅದೇ ಜಾಸ್ತಿ ಸಂಭವ ಅನ್ನಿಸಿತು. ಕೊನೆ ಗೊತ್ತಾದ ಮೇಲೆ ಎಲ್ಲವೂ ಮೊದಲೇ ಗೊತ್ತಿದ್ದ ಹಾಗೆ ಕಾಣುತ್ತದೆ. ಹಾಗಾಗಿ 2018ರ ತಪ್ಪನ್ನು ತೂಗುವಾಗ 2018ರಲ್ಲಿ ನಿಮ್ಮ ಕೈಯಲ್ಲಿದ್ದ ವಿಷಯಗಳನ್ನು ಮಾತ್ರ ತಕ್ಕಡಿಗೆ ಹಾಕಿ. ಕೊರೊನಾ ಹಾಕಬೇಡಿ.

ಚೀಟಿ ಮತ್ತು ಬಳೆಯ ವಿಷಯ ಬೇರೆ. ಅದು ಕೊರೊನಾ ಮಾಡಿದ್ದಲ್ಲ, ನೀವು ಮಾಡಿದ್ದು. ಇದನ್ನು ಮಷೀನ್ ಜೊತೆ ಒಂದೇ ಗಂಟಿಗೆ ಕಟ್ಟಬೇಡಿ. ಅಲ್ಲಿ ವ್ಯಾಪಾರ ಕೆಟ್ಟಿತು, ಇಲ್ಲಿ ನಂಬಿಕೆ ಕೆಟ್ಟಿತು. ಎರಡಕ್ಕೂ ಔಷಧಿ ಒಂದೇ ಅಲ್ಲ.

ನನ್ನ ಹತ್ತಿರ ಬರುವವರಲ್ಲಿ ನಾನು ಒಂದನ್ನು ಮಾತ್ರ ಕಿವಿಗೊಟ್ಟು ಕೇಳುತ್ತೇನೆ. ಇವರು "ತಪ್ಪು ಮಾಡಿದೆ" ಅನ್ನುತ್ತಾರಾ, "ನಾನೇ ತಪ್ಪು" ಅನ್ನುತ್ತಾರಾ? ಮೊದಲನೆಯವರು ಏನಾದರೂ ಸರಿಮಾಡಲು ಹೊರಡುತ್ತಾರೆ. ಎರಡನೆಯವರು ಮದುವೆಗೆ ಹೋಗುವುದನ್ನು ಬಿಡುತ್ತಾರೆ. ನೀವು ಬಳೆ ಬಿಡಿಸಿಕೊಟ್ಟಿರಾ ಎಂಬುದು ಪತ್ರದಲ್ಲಿಲ್ಲ. ಕೊಟ್ಟಿಲ್ಲದಿದ್ದರೆ ಅದಕ್ಕೊಂದು ತಾರೀಖು ಹಾಕಿ. ಹೆಂಡತಿಯ ಹತ್ತಿರ ಕೂತು, ಚೀಟಿಯಿಂದ ಹಿಡಿದು ಈಗ ಉಳಿದಿರುವ ಸಾಲದವರೆಗೆ ಪೂರ್ತಿ ಲೆಕ್ಕ ಒಂದೇ ಹಾಳೆಯಲ್ಲಿ ತೋರಿಸಿ. "ಮನೆಗೋಸ್ಕರ ಮಾಡಿದೆ" ಎಂಬ ಮಾತು ಆ ಹಾಳೆಯಲ್ಲಿ ಬೇಡ. ಅವರು ಬೈಯಬಹುದು. ಬೈಯಲಿ. ಮುಂದೆ ತಿಂಗಳಿಗೊಮ್ಮೆ ಅದೇ ಹಾಳೆ ಇಬ್ಬರೂ ನೋಡಿ. ಹೊಸ ಮನುಷ್ಯ ಅಂತ ಏನಾದರೂ ಇದ್ದರೆ ಅವನನ್ನು ಮೊದಲು ನೋಡಬೇಕಾದವರು ಅವರು.

ಇನ್ನು ಮೂರು ಗಂಟೆಯ ಯೋಚನೆಗಳು. ಅವು ಸುಮ್ನೆ ತಲೆಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತವೆ. ಅದನ್ನು ಕಾಗದಕ್ಕೆ ಇಳಿಸಿ. ಜೇಮ್ಸ್ ಪೆನ್‌ಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತಮ್ಮ ಸಹೋದ್ಯೋಗಿಯ ಜೊತೆ ಸೇರಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಬದುಕಿನ ದೊಡ್ಡ ನೋವಿನ ಬಗ್ಗೆ ಬರೆಯಲು ಹೇಳಿದ್ದರು. ಏನಾಯಿತು ಎಂಬುದನ್ನೂ, ಏನನ್ನಿಸಿತು ಎಂಬುದನ್ನೂ ಬರೆದವರು ಮುಂದಿನ ಆರು ತಿಂಗಳಲ್ಲಿ ಉಳಿದವರಿಗಿಂತ ಕಡಿಮೆ ಸಲ ಡಾಕ್ಟರ್ ಹತ್ತಿರ ಹೋದರು. ಬರೆದ ದಿನ ಮಾತ್ರ ಮನಸ್ಸು ಇನ್ನೂ ಕೆಟ್ಟಿತ್ತು. ನಿಮಗೂ ಹಾಗೇ ಆಗಬಹುದು, ಗಾಬರಿ ಬೇಡ. ಸಹಿಸಲು ಆಗದಿದ್ದರೆ ನಿಲ್ಲಿಸಿಬಿಡಿ.

ಆಮೇಲೆ ಪೆನ್‌ಬೇಕರ್ ಇನ್ನೊಂದು ಗಮನಿಸಿದರು, ನನಗೆ ಅದೇ ಮುಖ್ಯ. ದಿನದಿಂದ ದಿನಕ್ಕೆ "ಯಾಕೆಂದರೆ", "ಅದರಿಂದ", "ಈಗ ಅರ್ಥವಾಯಿತು" ಎಂಬ ಥರದ ಪದಗಳು ಜಾಸ್ತಿಯಾದವರಿಗೆ ಪ್ರಯೋಜನವೂ ಜಾಸ್ತಿ. ಅದೇ ಗೋಳನ್ನು ನಾಲ್ಕು ದಿನವೂ ಬರೆದವರಿಗೆ ಅಷ್ಟಿಲ್ಲ. ನಿಮ್ಮ ಪತ್ರದಲ್ಲಿ ನಾನು ಹುಡುಕಿದೆ. ನಾಲ್ಕು ಪುಟದಲ್ಲಿ "ಯಾಕೆಂದರೆ" ಎಂಬ ಪದ ಒಂದೇ ಸಲ ಬಂದಿದೆ, ಅದೂ ಕಾಗದದ ರೇಟಿನ ಬಗ್ಗೆ! ಮೊದಲ ದಿನ ಬೈದುಕೊಂಡೇ ಬರೆಯಿರಿ. ಮೂರನೇ ದಿನದ ಹೊತ್ತಿಗೆ ಒಂದೆರಡು ವಾಕ್ಯವಾದರೂ "ಮಷೀನ್ ತಗೊಂಡೆ, ಯಾಕೆಂದರೆ" ಅಂತ ಶುರುವಾಗಲಿ. ಕಾಗುಣಿತ ನೋಡಬೇಡಿ. ನಿಮಗೆ ಅದೇ ಕಷ್ಟ ಅಂತ ಗೊತ್ತು.

ನೀವು ಕಥೆ ಹೇಳಿದ ರೀತಿಯ ಬಗ್ಗೆಯೂ ಒಂದು ಮಾತು. ಡ್ಯಾನ್ ಮ್ಯಾಕ್‌ಆ್ಯಡಮ್ಸ್ ಎಂಬ ಮನಶ್ಶಾಸ್ತ್ರಜ್ಞ ಎಷ್ಟೋ ವರ್ಷದಿಂದ ಜನರ ಜೀವನಕಥೆ ಕೇಳಿಸಿಕೊಂಡು ಬಂದವರು. ನಾನು ಯಾರು ಎಂಬುದು ನಾವು ನಮ್ಮ ಬಗ್ಗೆ ಕಟ್ಟಿಕೊಂಡ ಕಥೆಯೂ ಹೌದು ಎನ್ನುವುದು ಅವರ ವಾದ. ಚೆನ್ನಾಗಿದ್ದದ್ದು ಕೆಟ್ಟುಹೋಯಿತು ಎಂದೇ ಮುಗಿಯುವ ಕಥೆ ಹೇಳುವವರಲ್ಲಿ ನೆಮ್ಮದಿ ಕಡಿಮೆ ಎಂದು ಅವರ ತಂಡ ಕಂಡುಕೊಂಡಿದೆ. ನಿಮ್ಮ ಕಥೆ 2021ಕ್ಕೆ ನಿಂತಿದೆ. ಆಮೇಲಿನ ವರ್ಷಗಳೆಲ್ಲ "ಸಾಲ ತೀರುತ್ತಿದೆ" ಎಂಬ ಎರಡು ಪದಕ್ಕೆ ಮುಗಿದಿವೆ. ಯಾರು ತೀರಿಸುತ್ತಿರುವುದು? ಅದು ತಾನಾಗಿ ತೀರುತ್ತಿಲ್ಲವಲ್ಲ.

ಹಾಗಂತ "ಆಗಿದ್ದೆಲ್ಲ ಒಳ್ಳೆಯದಕ್ಕೆ" ಅಂತ ಹೇಳಿಕೊಳ್ಳಿ ಎನ್ನುತ್ತಿಲ್ಲ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ನಾನು ಎರಡು ಸಲ ಸಿಇಟಿ ಬರೆದೆ. ಮೆಡಿಕಲ್ ಸೀಟು ಸಿಗಲಿಲ್ಲ. ನಮ್ಮಜ್ಜಿ ಅಷ್ಟರಲ್ಲೇ ಬೀದಿಗೆಲ್ಲ "ನಮ್ಮನೆ ಡಾಕ್ಟ್ರಮ್ಮ" ಅಂತ ಹೇಳಿಬಿಟ್ಟಿದ್ದರು. ಸೈಕಾಲಜಿ ಸೇರಿದ ಮೇಲೂ ಹಾಲಿನವನು ಮಂಡಿ ನೋವು ತೋರಿಸಲು ಬರುತ್ತಿದ್ದ. ಒಂದು ವರ್ಷ ನಾನು ಹಾಲು ಬರುವ ಹೊತ್ತಿಗೆ ಬಚ್ಚಲಮನೆ ಸೇರಿಕೊಳ್ಳುತ್ತಿದ್ದೆ. ಈಗ ನಗು ಬರುತ್ತದೆ. ಆದರೆ ಸೀಟು ಸಿಗದಿದ್ದದ್ದು ಒಳ್ಳೆಯದಾಯಿತು ಅಂತ ಇವತ್ತಿಗೂ ಹೇಳುವುದಿಲ್ಲ. ಸಿಕ್ಕಿದ್ದರೆ ಓದುತ್ತಿದ್ದೆ, ಖುಷಿಯಾಗಿಯೂ ಇರುತ್ತಿದ್ದೆ.

ಈಗ ಮೊದಲು ಹೇಳಿದ ಕಾಗುಣಿತಕ್ಕೆ ಬರೋಣ. ನಿಮ್ಮ ತಂದೆಯ ಕಾಲದಲ್ಲಿ ಒಂದೊಂದು ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದರು ಅಂತ ಬರೆದಿದ್ದೀರಿ. ಒಂದು ಪತ್ರಿಕೆ ಅಚ್ಚಾದ ಮೇಲೆ ಆ ಮೊಳೆಗಳನ್ನು ಏನು ಮಾಡುತ್ತಿದ್ದರು? ಎಸೆಯುತ್ತಿರಲಿಲ್ಲ. ಶಾಯಿ ಒರೆಸಿ, ಬಿಚ್ಚಿ, ಒಂದೊಂದನ್ನೂ ಅದರದರ ಖಾನೆಗೆ ವಾಪಸ್ ಹಾಕುತ್ತಿದ್ದರು. ನಾಳೆ ಬೇರೆಯವರ ಮದುವೆಗೆ ಅವೇ ಮೊಳೆ. ಪ್ರೆಸ್ ಮುಚ್ಚಿದಾಗ ನೀವು ಈ ಬಿಚ್ಚುವ ಕೆಲಸ ಮಾಡಲಿಲ್ಲ. ಪುಟವನ್ನು ಹಾಗೇ ಕಟ್ಟಿ ಮಂಚದ ಕೆಳಗೆ ತಳ್ಳಿದಿರಿ.

ಬಿಚ್ಚಿ ನೋಡಿ. ಲಗ್ನಪತ್ರಿಕೆ ಮಾಡುವವನ ಹತ್ತಿರ ಏನೇನಿರುತ್ತದೆ? ತಾರೀಖಿಗೂ ವಾರಕ್ಕೂ ತಿಥಿಗೂ ಹೊಂದುತ್ತಿದೆಯಾ ಎಂದು ಹಿಡಿಯುವ ಕಣ್ಣು. "ಚಿ|| ರಾ||" ಎಲ್ಲಿ, "ಚಿ|| ಸೌ||" ಎಲ್ಲಿ ಎಂಬ ಜ್ಞಾನ. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿನ ಕೆಳಗೆ ಬಂದರೆ ಮದುವೆ ಮನೆಯಲ್ಲಿ ಏನಾಗುತ್ತದೆ ಎಂಬ ಮುಂದಾಲೋಚನೆ. ಎರಡು ಕಡೆಯವರೂ ಕೌಂಟರ್ ಮುಂದೆ ನಿಂತು ಜಗಳ ಆಡುವಾಗ ಇಬ್ಬರಿಗೂ ಕಾಫಿ ತರಿಸಿ, ಅಚ್ಚಿಗೆ ಮುಂಚಿನ ಮಾದರಿ ಪ್ರತಿಗೆ, ಅಂದರೆ ಪ್ರೂಫ್‌ಗೆ ಸಹಿ ಹಾಕಿಸಿಕೊಳ್ಳುವ ತಾಳ್ಮೆ. ಮುಹೂರ್ತ ಮುಂದಕ್ಕೆ ಹೋಗುವುದಿಲ್ಲ, ಹಾಗಾಗಿ ಹೇಳಿದ ದಿನಕ್ಕೆ ಮಾಲು ಕೊಡುವ ಶಿಸ್ತು. ಇದರಲ್ಲಿ ಯಾವುದನ್ನು ಬ್ಯಾಂಕಿನವರು ತಗೊಂಡು ಹೋದರು?

ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರನ್ನೇ ನೋಡಿ. 1998ರಲ್ಲಿ ಒಂದು ದಿನದ ತಂಡದಿಂದ ಹೊರಗೆ ಬಿದ್ದರು. ಟೆಸ್ಟ್‌ಗೆ ಸರಿ, ಇದಕ್ಕೆ ನಿಧಾನ ಎಂಬ ಹಣೆಪಟ್ಟಿ. ಮರುವರ್ಷದ ವಿಶ್ವಕಪ್‌ನಲ್ಲಿ 461 ರನ್ ಹೊಡೆದರು, ಆ ಟೂರ್ನಿಯಲ್ಲಿ ಎಲ್ಲರಿಗಿಂತ ಜಾಸ್ತಿ. ಆದರೆ ನನಗೆ ಇಷ್ಟವಾಗಿದ್ದು 2003ರ ವಿಶ್ವಕಪ್. ಒಬ್ಬ ಬ್ಯಾಟ್ಸ್‌ಮನ್ ಜಾಸ್ತಿ ಆಡಿಸಬೇಕೆಂದರೆ ಬ್ಯಾಟಿಂಗ್ ಬರುವ ಕೀಪರ್ ಬೇಕಿತ್ತು. ದ್ರಾವಿಡ್ ಗ್ಲೌಸ್ ತೊಟ್ಟರು. ಹುಡುಗರಾಗಿದ್ದಾಗ ಕೀಪಿಂಗ್ ಮಾಡಿದ್ದವರು ಅವರು. ತಂಡ ಫೈನಲ್‌ವರೆಗೆ ಹೋಯಿತು. ಎಲ್ಲಿಂದಲೋ ಹೊಸದು ತರಲಿಲ್ಲ, ಹಳೇ ಖಾನೆಯಲ್ಲಿದ್ದ ಮೊಳೆ ತೆಗೆದರು. ನಿಮಗೂ ನನಗೂ ವಿಶ್ವಕಪ್ ಇಲ್ಲ, ಆ ಮಾತು ಬೇರೆ.

ಮುಂದೆ ಏನಾಗಬೇಕು ಅಂತ ಕೂತು ಯೋಚಿಸಿ ತೀರ್ಮಾನಿಸಬೇಡಿ. ನಡುವಯಸ್ಸಿನಲ್ಲಿ ಕೆಲಸ ಬದಲಿಸಿದವರನ್ನು ಅಧ್ಯಯನ ಮಾಡಿದ ಹರ್ಮಿನಿಯಾ ಇಬಾರಾ ಹೇಳುವುದೂ ಅದನ್ನೇ. ಜನ ಮೊದಲು ತಮ್ಮನ್ನು ಅರಿತು ಆಮೇಲೆ ಬದಲಾಗುವುದಿಲ್ಲ. ಚಿಕ್ಕಚಿಕ್ಕದಾಗಿ ಏನೋ ಮಾಡಿ ನೋಡುತ್ತಾರೆ, ಮಾಡುತ್ತಾ ಗೊತ್ತಾಗುತ್ತದೆ. ಪ್ರೆಸ್‌ನವರ ಭಾಷೆಯಲ್ಲಿ, ಮೊದಲು ಪ್ರೂಫ್ ತೆಗೆಯಿರಿ. 2018ರಲ್ಲಿ ನೀವು ಪ್ರೂಫ್ ತೆಗೆಯದೇ ಸಾವಿರ ಹೊಡೆದಿರಿ.

ಉದಾಹರಣೆಗೆ, ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪುಸ್ತಕ, ಸ್ಮರಣ ಸಂಚಿಕೆಗಳು ಬೆಂಗಳೂರಿನ ಎಷ್ಟೋ ಸಂಘಗಳ ಕಂಪ್ಯೂಟರ್‌ನಲ್ಲಿ ಬಿದ್ದಿವೆ. ಮೊಬೈಲ್‌ಗೆ ಹಾಕಿದರೆ ಕಲಸುಮೇಲೋಗರ. ಎಲ್ಲ ಮೊಬೈಲ್‌ನಲ್ಲೂ ಕಾಣುವ ಯೂನಿಕೋಡ್‌ಗೆ ಬದಲಿಸಿದ ಮೇಲೂ ಒತ್ತು, ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪುತ್ತವೆ. ಅದನ್ನು ಹಿಡಿಯಲು ಕಣ್ಣು ಬೇಕು. ನವೆಂಬರ್ ಬಂದರೆ ರಾಜ್ಯೋತ್ಸವದ ಸಂಚಿಕೆಗಳಿಗೆ ಪ್ರೂಫ್ ನೋಡುವವರು ಸಿಗುವುದಿಲ್ಲ ಎಂಬ ಗೊಣಗಾಟ ನಾನೇ ಕೇಳಿದ್ದೇನೆ. ಎರಡು ತಿಂಗಳು ಶನಿವಾರ ಸಂಜೆ ಎರಡೆರಡು ಗಂಟೆ ಇದನ್ನು ಮಾಡಿ ನೋಡಿ. ಚಿಕ್ಕದಾಗಿ ದುಡ್ಡು ತೆಗೆದುಕೊಂಡೇ ಮಾಡಿ. ಹಿಡಿಸಲಿಲ್ಲವಾ, ಬಿಡಿ, ಬರೀ ಕೆಲವು ಶನಿವಾರ ಹೋಯಿತು. ಸಾಲ ಮಾತ್ರ ಮಾಡಬೇಡಿ, ಕಂಪ್ಯೂಟರ್‌ಗೂ ಬೇಡ. ಗೋಡೌನ್ ಕೆಲಸ ಬಿಡುವ ಮಾತೂ ಈಗ ಬೇಡ. ಅದು ನಿಮ್ಮ ಅವಮಾನ ಅಲ್ಲ, ನಿಮ್ಮ ಹೆಂಡತಿಯ ಬಳೆ ಬಿಡಿಸುವ ದಾರಿ.

ಮದುವೆ ಮನೆ. ಇಲ್ಲಿ ಸಮಸ್ಯೆ ಪ್ರಶ್ನೆಯದ್ದಲ್ಲ, ನಿಮ್ಮ ಹತ್ತಿರ ಉತ್ತರ ಸಿದ್ಧವಿಲ್ಲದ್ದು. ಒಂದು ವಾಕ್ಯ ಕಟ್ಟಿಟ್ಟುಕೊಳ್ಳಿ. "ಪ್ರೆಸ್ ಮುಚ್ಚಿದೆ ಸಾರ್, 2021ರಲ್ಲಿ. ಈಗ ಪೀಣ್ಯದಲ್ಲಿ ಗೋಡೌನ್ ನೋಡ್ಕೋತೀನಿ. ನಿಮ್ಮ ಮಗ ಈಗ ಎಲ್ಲಿದ್ದಾನೆ?" ಮೂರನೇ ಭಾಗ ಮರೆಯಬೇಡಿ. ಜನಕ್ಕೆ ನಿಮ್ಮ ಪ್ರೆಸ್‌ಗಿಂತ ತಮ್ಮ ಮಗನ ವಿಷಯವೇ ಇಷ್ಟ, ಹತ್ತು ನಿಮಿಷ ನೀವು ಬಾಯಿ ತೆರೆಯಬೇಕಾಗಿಲ್ಲ. ಮೊದಲು ಇದನ್ನು ಸಂಬಂಧವಿಲ್ಲದವರ ಹತ್ತಿರ ಹೇಳಿ ರೂಢಿ ಮಾಡಿಕೊಳ್ಳಿ. ಆಟೋದವರು, ಎಳನೀರಿನವರು, ಕ್ಷೌರದ ಅಂಗಡಿಯವರು. ನಾಲ್ಕು ಸಲ ಹೇಳಿದರೆ ಗಂಟಲು ಕಟ್ಟುವುದಿಲ್ಲ. ಆಮೇಲೆ ಹತ್ತಿರದವರದ್ದೇ ಒಂದು ಚಿಕ್ಕ ಸಮಾರಂಭಕ್ಕೆ ಹೋಗಿ, ಊಟ ಮಾಡಿ ಬನ್ನಿ. ದೊಡ್ಡ ಛತ್ರದ ರಿಸೆಪ್ಷನ್ ಆಮೇಲೆ.

ಮಗಳ ವಿಷಯದಲ್ಲಿ ನನಗೆ ಅಷ್ಟು ಚಿಂತೆಯಿಲ್ಲ. ಸೆಕೆಂಡ್ ಪಿಯುಸಿ ಹುಡುಗಿಗೆ ಮನೆಯಲ್ಲಿ ಏನು ನಡೆದಿದೆ ಅಂತ ಪೂರ್ತಿ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಅಪ್ಪ ಯಾಕೆ ಮಾತಾಡುವುದಿಲ್ಲ ಎಂಬುದು. ತನ್ನ ಮಾರ್ಕ್ಸ್ ಸಾಲದೇನೋ ಅಂತಲೂ ಅಂದುಕೊಂಡಿರಬಹುದು. ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಭಾಷಣ ಬೇಡ, ಪಾಠ ಬೇಡ. 2018ರಲ್ಲಿ ಹೀಗೆ ಲೆಕ್ಕ ಹಾಕಿದೆ, ಇಲ್ಲಿ ತಪ್ಪಿತು, ಈಗ ಇಷ್ಟು ತೀರಿದೆ, ಇಷ್ಟು ಉಳಿದಿದೆ ಅಂತ ಹೇಳಿ. ಅವಳು ಕಾಮರ್ಸ್ ಅಂದಿದ್ದೀರಿ. ನಿಮ್ಮ ಹಳೇ ಬಿಲ್ ಬುಕ್ಕುಗಳನ್ನು ಕೂಡಿಸಿ ಹೇಳು ಅಂತ ಅವಳಿಗೇ ಕೊಡಿ.

ಇನ್ನು ಬೋರ್ಡ್. ಗುಜರಿಗೆ ಈಗಲೇ ಬೇಡ. ಕೋಪದಲ್ಲಿ ಹಾಕಿದ್ದನ್ನು ವಾಪಸ್ ತರಲು ಆಗುವುದಿಲ್ಲ. ಗೋಡೆಗೆ ಹಾಕುವುದೂ ಬೇಡ. ಅದರಲ್ಲಿ ನಿಮ್ಮ ತಂದೆ ಇಟ್ಟ ಹೆಸರಿದೆ, ನಿಮ್ಮ ಹೆಂಡತಿಯ ಬಳೆಯೂ ಇದೆ. ಹಾಗಾಗಿ ಒಬ್ಬರೇ ತೀರ್ಮಾನ ಮಾಡಬೇಡಿ. ಆರು ತಿಂಗಳು ಬಿಟ್ಟು ಮೂವರೂ ಕೂತು ಮಾತಾಡಿ. ಅಲ್ಲಿಯವರೆಗೆ ಬೆಡ್‌ಶೀಟ್ ಬಿಚ್ಚಿ, ಧೂಳು ಒರೆಸಿ, ಮಂಚದ ಕೆಳಗಿನಿಂದ ತೆಗೆದು ಬಾಗಿಲ ಹಿಂದೆ ನಿಲ್ಲಿಸಿ.